ಬಸ್ಸಿಳಿದ ಮೇಲಿನ ಎರಡು ತಾಸು: ಸಾರಿಗೆ ಸಚಿವರಿಗೊಂದು ಪತ್ರ

ಮಾನ್ಯ ಸಾರಿಗೆ ಸಚಿವರೇ,

2023ರ ಜೂನ್ 11ರಂದು ಹೆಣ್ಣುಮಕ್ಕಳ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಶುರುವಾದ ಮೇಲೆ ನಮ್ಮ ಕಡೆಯ ಹೆಣ್ಣುಮಕ್ಕಳು ಪರೀಕ್ಷೆಗೆ, ಇಂಟರ್‌ವ್ಯೂಗೆ, ಕೆಲಸಕ್ಕೆ ಒಬ್ಬೊಬ್ಬರೇ ಬೆಂಗಳೂರಿಗೆ ಬರುತ್ತಿದ್ದಾರೆ. ಟಿಕೆಟ್ಟಿನ ದುಡ್ಡಿಗೆ ಮನೆಯಲ್ಲಿ ಕೈಯೊಡ್ಡಬೇಕಿಲ್ಲ. ‘ಜೊತೆಗೆ ಯಾರು ಬರ್ತಾರ?’ ಎಂಬ ಪ್ರಶ್ನೆಯೂ ಮೆತ್ತಗಾಗಿದೆ. ಇದಕ್ಕೆ ಸರ್ಕಾರಕ್ಕೆ ಮನಸಾರೆ ಕೃತಜ್ಞತೆ. ಆದರೆ ಈ ಪತ್ರ ಬರೆಯುತ್ತಿರುವುದು ಬಸ್ಸಿಳಿದ ಮೇಲಿನ ಎರಡು ತಾಸಿನ ಬಗ್ಗೆ.

ಹಾವೇರಿ, ಗದಗ, ಕೊಪ್ಪಳದ ರಾತ್ರಿ ಬಸ್ಸುಗಳು ನಸುಕಿನಲ್ಲಿ ತುಮಕೂರು ರಸ್ತೆಯಿಂದ ಬೆಂಗಳೂರು ಹೊಗುತ್ತವೆ. ‘ಗೊರಗುಂಟೆಪಾಳ್ಯ ಯಾರ್ರೀ, ಲಗೂನ ಇಳೀರಿ’ ಎಂದು ಕಂಡಕ್ಟರ್ ಕೂಗುತ್ತಾರೆ. ಪೀಣ್ಯ, ಜಾಲಹಳ್ಳಿ, ಹೆಬ್ಬಾಳದ ಕಡೆಯವರು ಅಲ್ಲೇ ಇಳಿಯಬೇಕು. ನಿದ್ದೆಗಣ್ಣಿನಲ್ಲಿ ಬ್ಯಾಗು, ರೊಟ್ಟಿ ಗಂಟು ಎಳೆದುಕೊಂಡು ಕೆಳಗಿಳಿಯುವಷ್ಟರಲ್ಲಿ ಬಸ್ಸು ಹೊರಟಿರುತ್ತದೆ. ‘ಎಲ್ಲಿಗೆ ಮೇಡಂ’ ಎಂದು ನಾಲ್ಕೈದು ದನಿ ಒಮ್ಮೆಲೇ. ಒಬ್ಬ ಬ್ಯಾಗಿಗೇ ಕೈ ಹಾಕುತ್ತಾನೆ. ಆಟೋದವರೆಲ್ಲ ಕೆಟ್ಟವರಲ್ಲ, ಆದರೆ ಆ ಹೊತ್ತಿನಲ್ಲಿ ಯಾರು ಎಂಥವರೆಂದು ತಿಳಿಯುವ ದಾರಿ ನಮಗಿಲ್ಲ. ಬೇಡವೆಂದು ನಡೆದರೆ ಬೈಕೊಂದು ಮೆಲ್ಲಗೆ ಹಿಂದೆ ಬರುತ್ತದೆ. ಆಗ ಫೋನನ್ನು ಕಿವಿಗಿಟ್ಟು ‘ಹೂಂ ಅಣ್ಣಾ, ಇಲ್ಲೇ ನಿಂತೇನಿ, ಎಲ್ಲಿ ಬಂದಿ?’ ಎಂದು ಗಟ್ಟಿಯಾಗಿ ಮಾತಾಡುತ್ತೇವೆ. ಆ ಕಡೆ ಯಾರೂ ಇರುವುದಿಲ್ಲ. ಚಹಾದಂಗಡಿ ತೆರೆದಿದ್ದರೆ ಅದರ ಬೆಳಕಿಗೆ ಹೋಗುತ್ತೇವೆ. ಇನ್ನೊಬ್ಬ ಹೆಂಗಸು ಕಂಡರೆ ಗುರುತಿಲ್ಲದಿದ್ದರೂ ಪಕ್ಕದಲ್ಲಿ ನಿಲ್ಲುತ್ತೇವೆ. ಎಷ್ಟೋ ಪಿಜಿಗಳ ಗೇಟು ಆರಕ್ಕೆ ಮೊದಲು ತೆಗೆಯುವುದಿಲ್ಲ. ಶೌಚಕ್ಕೆ ಜಾಗವಿಲ್ಲವೆಂದು ಹಿಂದಿನ ಸಂಜೆಯಿಂದಲೇ ನೀರು ಕುಡಿದಿರುವುದಿಲ್ಲ.

ಅಲ್ಲೇ ಮೆಟ್ರೋ ನಿಲ್ದಾಣವಿದೆ. ದೀಪ, ಕ್ಯಾಮೆರಾ, ಕಾವಲಿನವರು, ಶೌಚಾಲಯ ಎಲ್ಲವೂ ಶಟರಿನ ಒಳಗೆ, ನಾವು ಹೊರಗೆ. ವಾರಾಂತ್ಯಕ್ಕೆ ಊರಿಗೆ ಹೋಗಿ ಬರುವವರಿಗೆಂದು 2025ರ ಜನವರಿಯಿಂದ ಸೋಮವಾರ 4.15ಕ್ಕೇ ರೈಲು ಶುರುವಾಯಿತು. ಅಂದರೆ ನಮ್ಮ ತೊಂದರೆ ಅಧಿಕಾರಿಗಳಿಗೆ ಅರ್ಥವಾಗಿದೆ. ಆದರೆ ನೇಮಕಾತಿ ಪರೀಕ್ಷೆಗಳು ಹೆಚ್ಚಾಗಿ ನಡೆಯುವುದು ಭಾನುವಾರ. ಆ ದಿನ ಸಾಮಾನ್ಯವಾಗಿ ಮೊದಲ ರೈಲು ಏಳಕ್ಕೆ!

ಹಗಲಲ್ಲಿ ಬನ್ನಿ ಎಂದು ದಯವಿಟ್ಟು ಹೇಳಬೇಡಿ. ಹಗಲು ಬಸ್ಸಿಗೆ ಒಂದು ದಿನದ ಪಗಾರ ಹೋಗುತ್ತದೆ. ಹಿಂದಿನ ದಿನವೇ ಬಂದು ಉಳಿಯೋಣವೆಂದರೆ, ಒಂಟಿ ಹೆಣ್ಣಿಗೆ ಕೋಣೆ ಕೊಡುವ ಮೊದಲು ಲಾಡ್ಜಿನವರು ಕೇಳುವ ಪ್ರಶ್ನೆಗಳು ಇನ್ನೊಂದು ಪತ್ರಕ್ಕಾಗುವಷ್ಟಿವೆ. ನಿರ್ಭಯಾ ನಿಧಿಯಿಂದ ಈ ನಗರಕ್ಕೆ ಸಾವಿರಾರು ಕ್ಯಾಮೆರಾ ಬಂದಿವೆ, 112 ಸಹಾಯವಾಣಿ ಇದೆ, ಸಂತೋಷ. ಆದರೆ ಏನಾದರೂ ಆದ ಮೇಲೆ ದೃಶ್ಯ ಸಿಕ್ಕಿತೆಂಬ ಸಮಾಧಾನ ನನಗೆ ಸಾಲದು.

ಮೆಟ್ರೋ ನಿಮ್ಮ ಖಾತೆಗೆ ಸೇರಿದ್ದಲ್ಲ, ಗೊತ್ತು. ಆದರೂ ಸಂಬಂಧಪಟ್ಟವರೊಡನೆ ಮಾತಾಡಿ, ಗೊರಗುಂಟೆಪಾಳ್ಯ, ಯಶವಂತಪುರ ನಿಲ್ದಾಣಗಳ ಕೆಳಗಿನ ಅಂತಸ್ತನ್ನು ರೈಲಿಲ್ಲದಿದ್ದರೂ ನಸುಕಿನ ಮೂರೂವರೆಗೆ ತೆಗೆಸಿ. ದೂರದ ಬಸ್ಸುಗಳು ಅದರ ಮೆಟ್ಟಿಲ ಬುಡದಲ್ಲೇ ನಿಲ್ಲಲಿ. ಅಲ್ಲಿಂದ ಜಾಲಹಳ್ಳಿಗೆ, ಹೆಬ್ಬಾಳಕ್ಕೆ ನಾಲ್ಕಕ್ಕೇ ಬಿಎಂಟಿಸಿ ಬಸ್ಸು ಹೊರಡಲಿ. ರಾತ್ರಿ ಹೆಣ್ಣುಮಕ್ಕಳು ಕೇಳಿದಲ್ಲಿ ಬಸ್ಸು ನಿಲ್ಲಿಸಬೇಕೆಂದು ಕೇರಳದ ಸಾರಿಗೆ ಸಂಸ್ಥೆ 2022ರಲ್ಲಿ ಆದೇಶಿಸಿತು; ನಮ್ಮ ಕಂಡಕ್ಟರುಗಳಿಗೂ ಅಂಥದ್ದೊಂದು ಲಿಖಿತ ಆದೇಶ ಕೊಡಿ. ಇದಾವುದಕ್ಕೂ ಹೊಸ ಕಟ್ಟಡ ಬೇಕಿಲ್ಲ. ಮುಂದಿನ ಪರೀಕ್ಷೆಯ ಭಾನುವಾರದೊಳಗೆ ಆಗಬೇಕೆಂದು ಕೇಳುತ್ತಿದ್ದೇನೆ.

ಇತಿ,
ಹಾವೇರಿ ಬಸ್ಸಿನ ಪ್ರಯಾಣಿಕಳು