ಹೇಮಂತದ ಹೊಸ್ತಿಲಲ್ಲಿ ಸೈಕಲ್ಲು

ಕಾರ್ತಿಕದ ದೀಪಗಳು ಆರಿ ಮಾರ್ಗಶಿರ ಕಾಲಿಡುವ ಹೊತ್ತಿಗೆ ಪುಣೆಯ ಬೆಳಗಿಗೆ ಬೇರೆಯೇ ಒಂದು ಗುಣ ಬಂದಿರುತ್ತದೆ. ಮಳೆ ನಿಂತು ತಿಂಗಳಾಗಿರುತ್ತದೆ. ರಸ್ತೆಯ ಕೆಸರು ಒಣಗಿರುತ್ತದೆ, ಬೇಸಗೆಯ ದೂಳು ಇನ್ನೂ ಎದ್ದಿರುವುದಿಲ್ಲ. ಸೂರ್ಯ ಮೂಡುವುದು 6.45ರ ಸುಮಾರಿಗೆ. ಅದಕ್ಕೆ ಅರ್ಧ ಗಂಟೆ ಮುಂಚೆ ಮನೆಯಿಂದ ಹೊರಟರೆ ಕಿವಿಯ ತುದಿ ತಣ್ಣಗಾಗುವಷ್ಟು ಚಳಿ, ಮೈ ಬೆಚ್ಚಗಾಗುವುದಕ್ಕೆ ಎರಡು ಕಿಲೋಮೀಟರು ಸಾಕು. ಮಾರ್ಗಶಿರಕ್ಕೆ ಆ ಹೆಸರು ಬಂದದ್ದು ಮೃಗಶಿರಾ ನಕ್ಷತ್ರದಿಂದ ಎಂಬುದನ್ನು ನಾವು ಬಲ್ಲೆವು. ಆದರೂ ಈ ದಿನಗಳಲ್ಲಿ ಆ ಹೆಸರಿನೊಳಗೆ ನಮ್ಮ ಕಿವಿಗೆ ಮೊದಲು ಕೇಳುವುದು 'ಮಾರ್ಗ'ವೇ.

ನಾವೆಂದರೆ ಇಲ್ಲಿನ ಕನ್ನಡ ಬಳಗದ ಆರು ಜನ. ನಮ್ಮಲ್ಲಿ ಕಿರಿಯರಿಗೆ ನಲವತ್ತೈದು, ಹಿರಿಯರಿಗೆ ಅರವತ್ತೆಂಟು. ನಾಲ್ಕು ವರ್ಷಗಳಿಂದ ದೀಪಾವಳಿ ಮುಗಿದ ಮೇಲಿನ ಭಾನುವಾರಗಳಲ್ಲಿ ನಾವು ಒಟ್ಟಿಗೆ ಸೈಕಲ್ ತುಳಿಯುತ್ತ ಬಂದಿದ್ದೇವೆ. ದೂರವೇನೂ ಹೋಗುವುದಿಲ್ಲ. ವಾರಜೆಯಲ್ಲಿ ಕೂಡಿ, ಶಿವಣೆ, ಉತ್ತಮನಗರ, ಕೊಂಢವೆ-ಧಾವಡೆ ದಾಟಿ, ಖಡಕವಾಸಲಾ ಜಲಾಶಯದ ಹಿನ್ನೀರು ಕಾಣುವವರೆಗೆ ಸಾಗಿ, ಚಹಾ ಕುಡಿದು ತಿರುಗುತ್ತೇವೆ. ಘಾಟಿಗಳನ್ನು ಹತ್ತುವುದು, ದಿನಕ್ಕೆ ನೂರು ಕಿಲೋಮೀಟರು ಮುಗಿಸುವುದು, ಕೈಗಡಿಯಾರದಲ್ಲಿ ಎದೆಬಡಿತ ನೋಡಿಕೊಳ್ಳುವುದು ನಮ್ಮ ಕೆಲಸವಲ್ಲ. ಅಂಥ ಸಾಧನೆ ಮಾಡುವವರ ಬಗ್ಗೆ ನಮಗೆ ಗೌರವವಿದೆ. ಆದರೆ ಸೈಕಲ್ಲಿನ ಸುಖವೆಲ್ಲ ಸಾಧನೆಯ ಲೆಕ್ಕದಲ್ಲಿಯೇ ಇದೆ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಪರಿಚಿತವಾದ ಹತ್ತಿರದ ರಸ್ತೆಯಲ್ಲಿ ಕಾರಣವಿಲ್ಲದೆ ಸೈಕಲ್ ತುಳಿಯುವುದು ತನ್ನಷ್ಟಕ್ಕೇ ಒಂದು ಪೂರ್ಣವಾದ ಸಂತೋಷ.

ಈ ಸಂತೋಷ ಯಾವುದರಿಂದ ಆದದ್ದು ಎಂದು ಕೇಳಿದರೆ ಮೊದಲು ಹೇಳಬೇಕಾದದ್ದು ವೇಗವನ್ನು. ನಾವು ಗಂಟೆಗೆ ಹನ್ನೆರಡು ಹದಿಮೂರು ಕಿಲೋಮೀಟರಿಗಿಂತ ಹೆಚ್ಚು ಹೋಗುವುದಿಲ್ಲ. ಆ ವೇಗದಲ್ಲಿ ನಡೆಯುವವರಿಗಿಂತ ಹೆಚ್ಚು ಊರು ಕಾಣುತ್ತದೆ, ಕಾರಿನಲ್ಲಿ ಕುಳಿತವರಿಗೆ ಕಾಣದ್ದೂ ಕಾಣುತ್ತದೆ. ಹೇಮಂತವೆಂದರೆ ಎಲೆ ಉದುರುವ ಕಾಲ ಎಂದು ಚಲನಚಿತ್ರಗಳು ನಮ್ಮ ಮಕ್ಕಳಿಗೆ ಕಲಿಸಿವೆ. ದಖ್ಖನಿನ ಮರಗಳು ಎಲೆ ಕಳಚುವುದು ಮುಂದೆ, ಶಿಶಿರದಲ್ಲಿ. ಇಲ್ಲಿ ಈಗ ಬಣ್ಣ ಬದಲಾಯಿಸುವುದು ಹುಲ್ಲು. ಆಗಸ್ಟಿನಲ್ಲಿ ಹಸಿರು ಕಂಬಳಿಯಂತಿದ್ದ ಗುಡ್ಡಗಳು ನವೆಂಬರಿನ ಕೊನೆಗೆ ಮಾಗಿದ ಗೋದಿಯ ಬಣ್ಣಕ್ಕೆ ತಿರುಗುತ್ತವೆ. ನಗರದೊಳಗಿನ ಹಳೆಯ ರಸ್ತೆಗಳಲ್ಲಿ ಆಕಾಶಮಲ್ಲಿಗೆ ಹೂ ಸುರಿಸಿರುತ್ತದೆ. ಮರಾಠಿಯವರು ಇದನ್ನು 'ಬೂಚ್' ಎನ್ನುತ್ತಾರೆ. ಉದ್ದ ತೊಟ್ಟಿನ ಆ ಬಿಳಿಯ ಹೂಗಳ ಮೇಲೆ ಚಕ್ರ ಹಾಯಿಸಲು ಮನಸ್ಸಾಗದೆ ನಮ್ಮಲ್ಲೊಬ್ಬರು ಪ್ರತಿಸಲವೂ ಸೈಕಲ್ ಇಳಿದು ತಳ್ಳಿಕೊಂಡು ಹೋಗುತ್ತಾರೆ. ನಾವು ನಗುತ್ತೇವೆ, ಆಮೇಲೆ ನಾವೂ ಇಳಿಯುತ್ತೇವೆ.

ಹೊರನಾಡಿನಲ್ಲಿ ಬಾಳುವ ನಮ್ಮಂಥವರಿಗೆ ಈ ನಿಧಾನದ ವೇಗ ಇನ್ನೊಂದು ಉಪಕಾರವನ್ನೂ ಮಾಡಿದೆ. ಉದ್ಯೋಗಕ್ಕೆಂದು ಬಂದ ಊರನ್ನು ನಾವು ಸಾಮಾನ್ಯವಾಗಿ ಎರಡು ಮೂರು ಬಿಂದುಗಳಲ್ಲಿ ಮಾತ್ರ ಬಲ್ಲೆವು: ಮನೆ, ಕಚೇರಿ, ಕನ್ನಡ ಸಂಘದ ಸಭಾಂಗಣ. ಆ ಬಿಂದುಗಳ ನಡುವಿನ ಊರು ಗಾಜಿನ ಆಚೆ ಓಡಿಹೋಗುತ್ತಿರುತ್ತದೆ. ಇಪ್ಪತ್ತು ವರ್ಷ ಪುಣೆಯಲ್ಲಿದ್ದ ನಮಗೆ, ಎರಡೂ ನಾಡಿನವರು ತುಳಸಿ ಮದುವೆಯನ್ನು ಒಂದೇ ತಿಥಿಯ ಸುಮಾರಿಗೆ ಮಾಡುತ್ತಾರೆಂಬುದು ಪಂಚಾಂಗದಿಂದ ಗೊತ್ತಿತ್ತು. ಆದರೆ ಶಿವಣೆಯ ಸಂತೆಯಲ್ಲಿ ಕಬ್ಬಿನ ಜಲ್ಲೆ, ಹಸಿ ನೆಲ್ಲಿಕಾಯಿ, ಹುಣಸೆಕಾಯಿಗಳನ್ನು ಒಂದೇ ಕಂತೆ ಮಾಡಿ ಮಾರುವುದನ್ನು ನೋಡಿ, ಊರಿನಲ್ಲಿ ಅವ್ವ ತುಳಸಿಕಟ್ಟೆಗೆ ನೆಲ್ಲಿಯ ಟೊಂಗೆ ಸಿಗಿಸುತ್ತಿದ್ದುದನ್ನು ನೆನೆದದ್ದು ಸೈಕಲ್ ನಿಲ್ಲಿಸಿದ್ದರಿಂದ. ಖಡಕವಾಸಲಾದ ನೀರನ್ನು ನೋಡುತ್ತ ನಿಂತಾಗ ಚಹಾ ಅಂಗಡಿಯ ಅಜ್ಜ ತಮ್ಮ ವಯಸ್ಸನ್ನು 'ಪಾನಶೇತದ ವರ್ಷ ನಾನು ಮೂರನೆಯ ಇಯತ್ತೆ' ಎಂದು ಹೇಳಿದರು. 1961ರ ಜುಲೈ 12ರಂದು ಪಾನಶೇತ ಅಣೆಕಟ್ಟು ಒಡೆದು, ಅದರ ರಭಸಕ್ಕೆ ಖಡಕವಾಸಲಾವೂ ಒಡೆದು, ಪುಣೆಯ ನದಿದಂಡೆಯ ಪೇಟೆಗಳು ಮುಳುಗಿದ ಸಂಗತಿಯನ್ನು ನಾವು ಓದಿದ್ದೆವು. ಒಬ್ಬರ ವಯಸ್ಸಿನ ಲೆಕ್ಕದಲ್ಲಿ ಅದನ್ನು ಕೇಳಿದ ಮೇಲೆ ಆ ನೀರು ನಮಗೂ ಸಂಬಂಧಪಟ್ಟದ್ದಾಯಿತು.

ಇನ್ನೊಂದು ಭಾನುವಾರ ಬೇರೆ ದಿಕ್ಕಿಗೆ, ಆಳಂದಿಯ ಕಡೆಗೆ ಹೋಗಿದ್ದೆವು. ಕಾರ್ತಿಕ ಬಹುಳ ಏಕಾದಶಿಯ ಹೊತ್ತಿಗೆ ಜ್ಞಾನೇಶ್ವರರ ಸಮಾಧಿಯತ್ತ ವಾರಕರಿಗಳು ನಡೆದು ಬರುತ್ತಾರೆ. ತಲೆಯ ಮೇಲೆ ತುಳಸಿಕಟ್ಟೆ ಹೊತ್ತ ಹೆಂಗಸರು, ಕೈಯಲ್ಲಿ ತಾಳ ಹಿಡಿದ ಮುದುಕರು. ನಾವು ಗಂಟೆ ಬಾರಿಸದೆ ಅವರ ಹಿಂದೆಯೇ ಬಹಳ ಹೊತ್ತು ಸಾಗಿದೆವು. ರಸ್ತೆ ನಿಧಾನವಾಗಿ ಹೋಗುವವರದೂ ಹೌದೆಂದು ವರ್ಷಕ್ಕೆ ಕೆಲವೇ ದಿನ ಎಲ್ಲರೂ ಒಪ್ಪಿಕೊಳ್ಳುತ್ತಾರೆ. ಉಳಿದ ದಿನಗಳಲ್ಲಿ ಒಪ್ಪುವುದಿಲ್ಲ.

ಈ ಮಾತು ನಮಗೆ ಸರಿಯಾಗಿ ಮನದಟ್ಟಾದದ್ದು ಹೋದ ವರ್ಷ. ಉತ್ತಮನಗರದ ಹತ್ತಿರ ಚಹಾಕ್ಕೆ ನಿಂತಾಗ ಪಕ್ಕದಲ್ಲಿ ಒಬ್ಬರು ಫೋನಿನಲ್ಲಿ ಕನ್ನಡ ಮಾತಾಡುತ್ತಿದ್ದರು. ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನವರು, ದೊಡ್ಡ ವಸತಿ ಸಮುಚ್ಚಯವೊಂದರಲ್ಲಿ ಕಾವಲಿನ ಕೆಲಸ. ಸಂಜೆ ಏಳರಿಂದ ಬೆಳಿಗ್ಗೆ ಏಳರವರೆಗೆ ಪಾಳಿ, ಆಗ ತಾನೇ ಮುಗಿಸಿ ಹೊರಟಿದ್ದರು. ಅವರದೂ ಸೈಕಲ್ಲೇ, ಹಿಂದೆ ಕ್ಯಾರಿಯರಿಗೆ ಊಟದ ಡಬ್ಬಿ ಕಟ್ಟಿದ ಕಪ್ಪು ಸೈಕಲ್ಲು. ನಮ್ಮ ಆರೂ ಸೈಕಲ್ಲುಗಳನ್ನು ನೋಡಿ, "ಮನ್ಯಾಗ ಗಾಡಿ ಇಲ್ಲೇನ್ರಿ ನಿಮಗ?" ಎಂದು ಕೇಳಿದರು. ಇದೆ, ಆದರೂ ಸುಮ್ಮನೆ ಸಂತೋಷಕ್ಕೆ ಎಂದೆವು. "ಭಾಳ ಚಲೋ ಬಿಡ್ರಿ. ನಾ ಮೂರ್ ವರ್ಸಾತು, ಈ ಸೈಕಲ್ ಬಿಟ್ಟು ಒಂದು ಗಾಡಿ ತೊಗೋಬೇಕಂತ ರೊಕ್ಕ ಕೂಡಸ್ಲಿಕತ್ತೀನಿ" ಎಂದು ನಕ್ಕರು. ಅವರ ಎಡಗೈ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತ್ತು. ಅದರ ಹಿಂದಿನ ನವೆಂಬರಿನ ಒಂದು ಸಂಜೆ ಪಾಳಿಗೆ ಹೋಗುವಾಗ, ಕತ್ತಲಲ್ಲಿ ಯಾವುದೋ ವಾಹನದ ಕನ್ನಡಿ ತಗುಲಿ ಬಿದ್ದಿದ್ದರಂತೆ. ಆರು ವಾರ ಕೆಲಸವಿಲ್ಲ, ಸಂಬಳವೂ ಇಲ್ಲ.

ಅಂದು ಮರಳುವಾಗ ನಮ್ಮಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಅದೇ ರಸ್ತೆಯಲ್ಲಿ ನಮ್ಮ ಬಳಗದ ಒಬ್ಬರೂ ಬಿದ್ದಿದ್ದರು. ಅಂಚಿನಲ್ಲಿ ಅಗೆದು ಮುಚ್ಚದೆ ಬಿಟ್ಟ ಗುಂಡಿಗೆ ಮುಂದಿನ ಚಕ್ರ ಇಳಿದು ಭುಜ ಮುರಿದಿತ್ತು. ಅವರಿಗೆ ಸಂಬಳದ ರಜೆಯೂ ವಿಮೆಯೂ ಇದ್ದವು. ಮೂರು ತಿಂಗಳ ನಂತರ ಮನೆಯವರನ್ನು ಒಪ್ಪಿಸಿ ಅವರು ಮತ್ತೆ ಸೈಕಲ್ ಏರಿದರು. ರಸ್ತೆ ಒಂದೇ, ಬಿದ್ದದ್ದೂ ಒಂದೇ ಬಗೆ. ಆದರೆ ನಾವು ನಮ್ಮ ಹೊತ್ತನ್ನು ಆರಿಸಿಕೊಳ್ಳುತ್ತೇವೆ. ವಾಹನಗಳು ಕಡಿಮೆಯಿರುವ ಭಾನುವಾರದ ಬೆಳಗು ನಮ್ಮದು. ಅವರಿಗೆ ಆ ಆಯ್ಕೆಯಿಲ್ಲ. ಬೇಸಗೆಯಲ್ಲಿ ಸಂಜೆ ಏಳಕ್ಕೂ ಆಕಾಶದಲ್ಲಿ ಬೆಳಕಿರುತ್ತದೆ. ನವೆಂಬರಿನ ಕೊನೆಯಲ್ಲಿ ಆರು ಗಂಟೆಗೆ ಮುಂಚೆಯೇ ಸೂರ್ಯ ಮುಳುಗಿರುತ್ತಾನೆ. ಆದುದರಿಂದ ರಾತ್ರಿ ಪಾಳಿಗೆ ಹೋಗುವವರು ಕತ್ತಲಲ್ಲಿಯೇ ಸೈಕಲ್ ತುಳಿಯಬೇಕು, ಹಗಲಿನ ಪಾಳಿಯವರು ಕತ್ತಲಲ್ಲಿಯೇ ಮನೆ ಬಿಡಬೇಕು. ನಮಗೆ ಪ್ರಿಯವಾದ ಈ ಋತುವೇ ಅವರಿಗೆ ಅಪಾಯದ ಋತು.

ಪುಣೆಯನ್ನು ಒಂದು ಕಾಲಕ್ಕೆ ಸೈಕಲ್ಲುಗಳ ಊರೆಂದು ಕರೆಯುತ್ತಿದ್ದರು. ಈಗ ಕರ್ವೇನಗರದಲ್ಲಿ ಹಳೆಯ ಸೈಕಲ್ಲುಗಳ ಒಂದು ಅಂದವಾದ ಸಂಗ್ರಹಾಲಯವೇ ಇದೆ. ಅಲ್ಲಿಗೆ ಹೋದಾಗ ನಮಗೆ ನಮ್ಮ ಬಾಲ್ಯದ ಊರುಗಳು ನೆನಪಾದವು: ಗಂಟೆಯ ಲೆಕ್ಕದಲ್ಲಿ ಸಿಗುತ್ತಿದ್ದ ಬಾಡಿಗೆ ಸೈಕಲ್ಲು, ಚಕ್ರಕ್ಕೆ ಉಜ್ಜಿ ಉರಿಯುತ್ತಿದ್ದ ಡೈನಮೋ ದೀಪ, ಪುರಸಭೆಗೆ ತೆರಿಗೆ ಕಟ್ಟಿ ಪಡೆಯುತ್ತಿದ್ದ ಹಿತ್ತಾಳೆಯ ಬಿಲ್ಲೆ, ದೀಪವಿಲ್ಲದೆ ಹೋದರೆ ಹಿಡಿಯುತ್ತಿದ್ದ ಪೊಲೀಸರು. ನೆನಪು ಸಿಹಿಯಾದದ್ದು. ಆದರೆ ಸೈಕಲ್ಲು ನೆನಪಿನ ವಸ್ತು ಎಂದು ನಾವು ಭಾವಿಸಿದರೆ ತಪ್ಪಾಗುತ್ತದೆ. 2011ರ ಜನಗಣತಿಯಂತೆ ದೇಶದ ನೂರು ಮನೆಗಳಲ್ಲಿ ಸುಮಾರು 45 ಮನೆಗಳಲ್ಲಿ ಸೈಕಲ್ಲಿತ್ತು. ಅವುಗಳಲ್ಲಿ ಬಹುಪಾಲು ವಿಹಾರಕ್ಕೆ ಇಟ್ಟುಕೊಂಡವಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರ ಒಂದೇ ವರ್ಷದಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1.68 ಲಕ್ಷಕ್ಕೂ ಹೆಚ್ಚು. ಪುಣೆ ಮಹಾನಗರ ಪಾಲಿಕೆ 2017ರಲ್ಲಿ ಸಮಗ್ರ ಸೈಕಲ್ ಯೋಜನೆಯೊಂದಕ್ಕೆ ಒಪ್ಪಿಗೆಯಿತ್ತಿತು. ಕಾಗದದಲ್ಲಿರುವುದು ನೆಲಕ್ಕಿಳಿಯಬೇಕಾದರೆ ಕೇಳುವವರಿರಬೇಕು. ಯಾರು ಕೇಳಬೇಕು? ಹನ್ನೆರಡು ಗಂಟೆ ನಿಂತು ದುಡಿದವರಿಗೆ ಅರ್ಜಿ ಹಿಡಿದು ಓಡಾಡುವ ಬಿಡುವಿಲ್ಲ. ಬಿಡುವು ಇರುವುದು ನಮಗೆ.

ನಮ್ಮ ಅಭಿಪ್ರಾಯ ಇಷ್ಟು. ಹವ್ಯಾಸಕ್ಕೆ ಸೈಕಲ್ ತುಳಿಯುವವರು ತಮ್ಮ ಸಂತೋಷಕ್ಕಾಗಿ ಸಂಕೋಚಪಡಬೇಕಾಗಿಲ್ಲ. ಹಿಂದಿನಿಂದ ಹಾರ್ನ್ ಬಾರಿಸುವವರ ಎದುರು 'ನಾವು ಸುಮ್ಮನೆ ಬಂದಿದ್ದೇವೆ, ದಾರಿ ಬಿಡುತ್ತೇವೆ' ಎಂದು ಅಂಚಿಗೆ ಸರಿಯುತ್ತ ಹೋದರೆ, ಸುಮ್ಮನೆ ಬಾರದವರ ಜಾಗವನ್ನೂ ನಾವೇ ಬಿಟ್ಟುಕೊಟ್ಟಂತೆ. ಅಂಚಿನ ಗುಂಡಿ ಮುಚ್ಚಬೇಕು, ದಾರಿದೀಪ ಉರಿಯಬೇಕು, ಸೈಕಲ್ಲಿಗೆಂದು ಬಿಟ್ಟ ಪಟ್ಟಿಯಲ್ಲಿ ಕಾರು ನಿಲ್ಲಬಾರದು. ಇವನ್ನು ಸವಾರಿಯ ಸೊಗಸಿಗೆಂದಲ್ಲ, ದಿನವೂ ಅಲ್ಲಿ ಹಾಯುವವರ ಪರವಾಗಿ ಕೇಳೋಣ.

ಇನ್ನು, ಕೇಳುವ ಮೊದಲು ನಮ್ಮ ಮನೆಯಂಗಳವನ್ನೂ ನೋಡಿಕೊಳ್ಳಬೇಕು. ಈ ಮಾತು ಬರೆಯುವಾಗ ನಮಗೆ ನಾಚಿಕೆಯಾಗುತ್ತದೆ. ನಮ್ಮಲ್ಲಿ ನಾಲ್ವರ ಸೈಕಲ್ಲುಗಳು ಲಿಫ್ಟಿನಲ್ಲಿ ಏರಿ ಬಾಲ್ಕನಿಯಲ್ಲಿ ನೆರಳಿಗೆ ನಿಲ್ಲುತ್ತವೆ. ಅದೇ ಕಟ್ಟಡಗಳಲ್ಲಿ ಕೆಲಸಕ್ಕೆ ಬರುವವರ ಸೈಕಲ್ಲುಗಳು ಗೇಟಿನ ಹೊರಗೆ, ಚರಂಡಿಯ ಪಕ್ಕ, ಬಿಸಿಲಿನಲ್ಲಿ ನಿಂತಿರುತ್ತವೆ. ಹೀಗೆ ಹೊರಗೆ ನಿಲ್ಲಿಸಬೇಕೆಂಬ ನಿಯಮ ಮಾಡಿದ ಸಭೆಗಳಲ್ಲಿ ನಾವೂ ಕುಳಿತಿದ್ದೆವು, ಕೈ ಎತ್ತಿದ್ದೆವೋ ಇಲ್ಲವೋ ನೆನಪಿಲ್ಲ. ಈ ವರ್ಷ ಎರಡು ಕಟ್ಟಡಗಳ ಸಭೆಗಳಲ್ಲಿ ನಾವು ಈ ಮಾತೆತ್ತಿದೆವು. ಒಂದರಲ್ಲಿ ವಾಹನ ನಿಲುಗಡೆಯ ಮೂಲೆಯೊಂದನ್ನು ಬಿಟ್ಟುಕೊಟ್ಟರು. ಹತ್ತು ಸೈಕಲ್ ನಿಲ್ಲುತ್ತವೆ, ಮೇಲೆ ತಗಡಿನ ಮರೆಯಿದೆ. ಇನ್ನೊಂದರಲ್ಲಿ 'ಮುಂದಿನ ಸಭೆಗೆ ನೋಡೋಣ' ಎಂದಿದ್ದಾರೆ. ಮುಂದಿನ ಸಭೆಗೂ ನಾವು ಹೋಗುತ್ತೇವೆ. ಬೆಳಕು ಬಿದ್ದರೆ ಹೊಳೆಯುವ ಪಟ್ಟಿಯ ಸುರುಳಿಗಳನ್ನು ತಂದು, ಕೇಳಿದವರ ಸೈಕಲ್ಲಿನ ಹಿಂಬದಿಗೆ ಅಂಟಿಸಿಕೊಡುವುದನ್ನೂ ಆರಂಭಿಸಿದ್ದೇವೆ. ಸಣ್ಣ ಕೆಲಸ, ಆದರೆ ಕತ್ತಲಲ್ಲಿ ಬಹಳ ದೂರದಿಂದ ಕಾಣುತ್ತದೆ.

ಬೇರೆ ಊರುಗಳ ನಮ್ಮ ಓದುಗರಿಗೆ ಋತು ಒಂದೇ ಆಗಿರುವುದಿಲ್ಲ ಎಂಬುದು ನಮಗೆ ತಿಳಿದಿದೆ. ಚೆನ್ನೈನವರಿಗೆ ಇದು ಮಳೆಗಾಲ, ಅವರು ಸಂಕ್ರಾಂತಿಯವರೆಗೆ ಕಾಯುವುದೇ ಲೇಸು. ದೆಹಲಿಯವರಿಗೆ ಈ ತಿಂಗಳ ಗಾಳಿಯಲ್ಲಿ ಉಸಿರಾಡುವುದೇ ಕಷ್ಟ, ಅವರಿಗೆ ಹೊರಗೆ ಬನ್ನಿ ಎನ್ನಲಾರೆವು. ಹೈದರಾಬಾದಿನವರದು ನಮ್ಮಂತೆಯೇ ಪ್ರಸ್ಥಭೂಮಿಯ ತಿಳಿಚಳಿ. ಮುಂಬೈಯವರಿಗೆ ಭಾನುವಾರದ ನಸುಕು ಇದ್ದೇ ಇದೆ. ಯಾವಾಗಲಾದರೂ ಆಗಲಿ, ಒಮ್ಮೆ ಹತ್ತಿರದ ರಸ್ತೆಗೆ ಇಳಿಯಿರಿ. ಮೂಲೆಯಲ್ಲಿರುವ ಹಳೆಯ ಸೈಕಲ್ಲಿಗೆ ಗಾಳಿ ಹಾಕಿಸಿ, ಬ್ರೇಕ್ ನೋಡಿಸಿ, ಹಿಂದೆ ಮುಂದೆ ದೀಪ ಕಟ್ಟಿಸಿ. ದೂರ ಹೋಗಬೇಡಿ. ಎದುರಿಗೆ ಕ್ಯಾರಿಯರಿಗೆ ಡಬ್ಬಿ ಕಟ್ಟಿಕೊಂಡು ಬರುವವರು ಸಿಕ್ಕರೆ ಮಾತಾಡಿಸಿ. ಅವರು ಕನ್ನಡದವರೇ ಇರಬಹುದು, ಇರದಿದ್ದರೂ ನಷ್ಟವಿಲ್ಲ.

ಇಂಡಿಯ ಆ ಗೆಳೆಯರು ಹೋದ ವಾರ ಮತ್ತೆ ಸಿಕ್ಕಿದ್ದರು. ಗಾಡಿಯ ರೊಕ್ಕ ಇನ್ನೂ ಕೂಡಿಲ್ಲವಂತೆ, ಮಗಳ ಕಾಲೇಜಿಗೆ ಕಟ್ಟಿದರಂತೆ. ನಾವು ಅಂಟಿಸಿದ ಕೆಂಪು ಪಟ್ಟಿಯನ್ನು ತೋರಿಸಿ, "ಹಿಂದಿನವರು ಈಗ ಸ್ವಲ್ಪ ದೂರ ಸರದು ಹೊಕ್ಕಾರ್ರಿ" ಎಂದರು. ಚಹಾದ ದುಡ್ಡನ್ನು ಅಂದು ಅವರೇ ಕೊಟ್ಟರು.