ಬೆನ್ನು ನೆಲ ಮುಟ್ಟಿದ ಮೇಲೂ



ನಮ್ಮ ಗರಡಿಯ ಕುಸ್ತಿಗೆ ಒಂದು ನಿಯಮವಿದೆ. ಜಟ್ಟಿಯ ಬೆನ್ನು ಮಣ್ಣು ಮುಟ್ಟಿತೆಂದರೆ ಆಟ ಮುಗಿಯಿತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆ ಹುಟ್ಟಿದ್ದೂ ಬಿದ್ದವನ ಈ ಅವಮಾನದಿಂದಲೇ. ಹೆಣ್ಣಿನ ಬದುಕಿಗೂ ನಮ್ಮ ಸಮಾಜ ಇದೇ ನಿಯಮವನ್ನು ಬರೆದಿಟ್ಟಿದೆ. ಗಂಡ ಹೊಡೆದು ಕೆಡವಿದನೇ? ಆಯಿತು, ಇನ್ನು ಸುಮ್ಮನಿರು, ಹೊಂದಿಕೊಂಡು ಹೋಗು. ತವರಿನವರೂ ಹೇಳುವುದು ಅದನ್ನೇ, ನ್ಯಾಯ ಹೇಳಲು ಕೂತ ಊರ ಹಿರಿಯರೂ ಹೇಳುವುದು ಅದನ್ನೇ. ಆದರೆ ಜಪಾನಿನಲ್ಲಿ ಹುಟ್ಟಿದ ಜುಜುತ್ಸು ಎಂಬ ವಿದ್ಯೆಯಲ್ಲಿ ಬೆನ್ನು ನೆಲ ಮುಟ್ಟಿದ ಮೇಲೆಯೇ ಪಾಠ ಶುರುವಾಗುವ ಒಂದು ಅಧ್ಯಾಯವಿದೆ. ಈ ಸಲ ನಾನು ಅದರ ಬಗ್ಗೆ ಬರೆಯುತ್ತಿದ್ದೇನೆ. ವರದಕ್ಷಿಣೆ ವಿರುದ್ಧದ ಪತ್ರಿಕೆಯಲ್ಲಿ ಕುಸ್ತಿಗೇನು ಕೆಲಸ ಎನ್ನುವವರು ದಯವಿಟ್ಟು ಕೊನೆಯವರೆಗೆ ಓದಿ.

ಹುಡುಗಿಯರಿಗೆ ಆತ್ಮರಕ್ಷಣೆ ಕಲಿಸಬೇಕೆಂಬ ಮಾತನ್ನು ಸರ್ಕಾರಗಳೂ ಒಪ್ಪಿವೆ. ಸಮಗ್ರ ಶಿಕ್ಷಣದಡಿ ಸರ್ಕಾರಿ ಶಾಲೆಗಳ 6ರಿಂದ 12ನೇ ತರಗತಿಯ ಹುಡುಗಿಯರಿಗೆ ರಾಣಿ ಲಕ್ಷ್ಮೀಬಾಯಿ ಹೆಸರಿನಲ್ಲಿ ಮೂರು ತಿಂಗಳ ತರಬೇತಿ ಇದೆ. ನಮ್ಮ ರಾಜ್ಯದಲ್ಲಿ ಚಿತ್ರದುರ್ಗದ ಒನಕೆ ಓಬವ್ವನ ಹೆಸರಿನಲ್ಲೂ ವಸತಿ ಶಾಲೆಗಳ ಹುಡುಗಿಯರಿಗೆ ಕರಾಟೆ ಕಲಿಸುವ ಯೋಜನೆ ಬಂದಿದೆ. ಇವು ಬೇಕು, ಇನ್ನೂ ಹೆಚ್ಚಬೇಕು. ಆದರೆ ನಾನು ಕಂಡಷ್ಟು ತರಬೇತಿಗಳಲ್ಲಿ ಹುಡುಗಿಯರು ಸಾಲಾಗಿ ನಿಂತು ಗಾಳಿಗೆ ಗುದ್ದುತ್ತಾರೆ, ಗಾಳಿಗೆ ಒದೆಯುತ್ತಾರೆ. ಎದುರಿಗಿರುವವನು ಬಸ್ ನಿಲ್ದಾಣದಲ್ಲೋ ಕತ್ತಲೆ ರಸ್ತೆಯಲ್ಲೋ ಮೈಮೇಲೆ ಬೀಳುವ ಅಪರಿಚಿತ ಎಂದು ಪಾಠ ಊಹಿಸಿಕೊಂಡಿದೆ.

ಮನೆಯೊಳಗಿನ ಗಂಡಸನ್ನು ಆ ಪಾಠ ಊಹಿಸಿಕೊಂಡಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ಶೇಕಡ 44.4 ಮಂದಿ ಗಂಡನಿಂದ ದೌರ್ಜನ್ಯ ಅನುಭವಿಸಿದ್ದೇವೆಂದು ಹೇಳಿದ್ದಾರೆ. ಅದರ ಹಿಂದಿನ ಸಮೀಕ್ಷೆಯಲ್ಲಿ ಇದು ಶೇಕಡ 20.6 ಇತ್ತು. ಆ ಸಮೀಕ್ಷೆಯ ಪ್ರಶ್ನೆಗಳನ್ನೇ ಓದಿ ನೋಡಿ: ತಳ್ಳಿದನೇ, ಕೈ ತಿರುಚಿದನೇ, ಕೂದಲು ಹಿಡಿದೆಳೆದನೇ, ಒದ್ದನೇ, ಎಳೆದಾಡಿದನೇ, ಕುತ್ತಿಗೆ ಹಿಸುಕಲು ಅಥವಾ ಸುಡಲು ನೋಡಿದನೇ? ಇವುಗಳಲ್ಲಿ ಎಷ್ಟು ನಿಂತಲ್ಲೇ ಮುಗಿಯುವ ಜಗಳ? ಹೆಚ್ಚಿನವು ಕೊನೆಗೊಳ್ಳುವುದು ನೆಲದ ಮೇಲೆ, ಬಾಗಿಲು ಹಾಕಿದ ಕೋಣೆಯಲ್ಲಿ, ಪಕ್ಕದಲ್ಲಿ ಮಕ್ಕಳು ಮಲಗಿರುವಾಗ. ಶ್ರೀನಿವಾಸಪುರದ ಕಡೆ ಒಂದು ಸಂಘದ ಸಭೆಯಲ್ಲಿ ಆತ್ಮರಕ್ಷಣೆಯ ಮಾತು ಬಂದಾಗ ಒಬ್ಬ ಹೆಂಗಸು ನನ್ನನ್ನು ಕೇಳಿದ್ದೂ ಇದನ್ನೇ: "ಅಕ್ಕಾ, ಇದೆಲ್ಲ ನಿಂತ್ಕಂಡು ಹೊಡೆಯೋದಾಯ್ತು. ಅವ್ನು ಕೆಳಕ್ಕೆ ಕೆಡವಿ ಮೇಲೆ ಕೂತ್ಕಂಡ್ರೆ ಏನ್ಮಾಡೋದು?"

ಆ ಪ್ರಶ್ನೆಗೆ ಉತ್ತರವಿದೆ. ಜಿಗೊರೊ ಕಾನೊ 1882ರಲ್ಲಿ ಟೋಕಿಯೋದಲ್ಲಿ ಹಳೆಯ ಜುಜುತ್ಸುವನ್ನು ಪರಿಷ್ಕರಿಸಿ ಜೂಡೋ ಕಟ್ಟಿದ. ಆ ಪರಂಪರೆಯ ಮಾಯೆದಾ ಎಂಬ ಜಟ್ಟಿ ಬ್ರೆಜಿಲಿಗೆ ಹೋಗಿ ಅಲ್ಲಿ ಕಲಿಸಿದ. ಗ್ರೇಸಿ ಮನೆತನದವರು ಅದರಲ್ಲಿ ನೆಲದ ಮೇಲಿನ ಭಾಗವನ್ನು ವಿಶೇಷವಾಗಿ ಬೆಳೆಸಿದರು. ಮೈಭಾರ ಕಡಿಮೆಯಿರುವವರು ಹೆಚ್ಚು ಭಾರದವರ ಅಡಿಯಿಂದ ಹೇಗೆ ಹೊರಬರಬೇಕು ಎಂಬುದೇ ಅದರ ಮೊದಲ ಪಾಠ.

ಪಾಠದ ತರ್ಕ ನಮ್ಮ ಹೆಂಗಸರಿಗೆ ಹೊಸದೇನಲ್ಲ. ಮೇಲೆ ಕೂತವನ ಎದೆಯನ್ನು ಕೈ ಚಾಚಿ ತಳ್ಳುವುದು ಎಲ್ಲರೂ ಮೊದಲು ಮಾಡುವ ಕೆಲಸ. ಅದರಿಂದ ತೋಳು ಸೋಲುತ್ತದೆಯೇ ಹೊರತು ಅವನ ಭಾರ ಕದಲುವುದಿಲ್ಲ. ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು ಅವನ ಒಂದು ಕೈಯನ್ನು ತನ್ನ ಎದೆಗೆ ಬಿಗಿಯಾಗಿ ಹಿಡಿಯಬೇಕು. ಅದೇ ಪಕ್ಕದ ಅವನ ಪಾದವನ್ನು ತನ್ನ ಪಾದದಿಂದ ಅಡ್ಡಗಟ್ಟಬೇಕು. ಹಿಮ್ಮಡಿಗಳನ್ನು ಪೃಷ್ಠದ ಹತ್ತಿರಕ್ಕೆ ಎಳೆದುಕೊಂಡು, ಸೊಂಟವನ್ನು ಜೋರಾಗಿ ಮೇಲೆತ್ತಿ, ಆ ಪಕ್ಕದ ಭುಜದ ಮೇಲೆ ಹಾದು ಉರುಳಬೇಕು. ನಾಲ್ಕು ಕಾಲಿನ ಮಂಚದ ಒಂದೇ ಪಕ್ಕದ ಎರಡು ಕಾಲು ತೆಗೆದರೆ ಮಂಚ ಆ ಕಡೆಗೇ ಉರುಳುತ್ತದಲ್ಲವೇ? ಇಲ್ಲಿ ನಡೆಯುವುದೂ ಅಷ್ಟೇ. ಅವನು ಎರಡೂ ಕೈ ಕುತ್ತಿಗೆಗೆ ಹಾಕಿದ್ದರೆ, ನೆಲಕ್ಕೆ ಊರಲು ಅವನಿಗೆ ಕೈಯೇ ಇರುವುದಿಲ್ಲ. ಕೆಲಸ ಮಾಡುವುದು ತೋಳಿನ ಬಲವಲ್ಲ, ನೀರು ಹೊತ್ತು, ಹುಲ್ಲಿನ ಹೊರೆ ಎತ್ತಿ ಗಟ್ಟಿಯಾದ ಸೊಂಟ ಮತ್ತು ಕಾಲುಗಳ ಬಲ.

ಪಕ್ಕದಿಂದ ಒತ್ತಿ ಹಿಡಿದಾಗ ಮುಂಗೈಯನ್ನು ಕಂಬದಂತೆ ಅಡ್ಡ ಕೊಟ್ಟು, ನೆಲ ಸಾರಿಸುವವಳು ಹಿಂದಕ್ಕೆ ಸರಿಯುವಂತೆ ಸೊಂಟವನ್ನು ಹಿಂದಕ್ಕೆ ಸರಿಸಬೇಕು. ಅವನನ್ನು ಎತ್ತಿ ಹಾಕಲಾಗದಿದ್ದರೂ ನಾವು ಅಡಿಯಿಂದ ಜಾರಬಹುದು. ಸಿಕ್ಕ ಗೇಣು ಜಾಗದಲ್ಲಿ ಮೊಣಕಾಲು ತೂರಿಸಬೇಕು. ಬೋರಲು ಬಿದ್ದಿದ್ದರೆ ಗಲ್ಲವನ್ನು ಎದೆಗೆ ಒತ್ತಿ ಕುತ್ತಿಗೆ ಕಾಯ್ದುಕೊಂಡು, ಮೊಣಕೈ ಮೊಣಕಾಲುಗಳನ್ನು ಹೊಟ್ಟೆಯಡಿಗೆ ತಂದುಕೊಳ್ಳಬೇಕು. ಏಳುವಾಗ ಬೆನ್ನು ತೋರಿಸದೆ, ಒಂದು ಕೈ ಹಿಂದೆ ಊರಿ, ಅವನತ್ತ ಮುಖವಿಟ್ಟೇ ಏಳಬೇಕು. ಆಮೇಲೆ ಹೊಡೆಯಲು ನಿಲ್ಲಬಾರದು, ಬಾಗಿಲ ಕಡೆಗೆ ಹೋಗಬೇಕು. ಕಬಡ್ಡಿ ಆಡಿದವರಿಗೆ ಇದು ಗೊತ್ತು. ನಾಲ್ಕು ಜನ ಮೇಲೆ ಬಿದ್ದರೂ ಗೆರೆ ಮುಟ್ಟಿದವಳೇ ಗೆದ್ದವಳು.

ಇದನ್ನು ಓದಿ ಯಾರೂ ಕಲಿಯಲಾರರು. ಈಜನ್ನು ಪುಸ್ತಕದಿಂದ ಕಲಿಯಲಾಗದ ಹಾಗೆಯೇ. ತಿಳಿದವರ ಎದುರು, ಜೊತೆಗಾತಿಯೊಂದಿಗೆ, ಮೈ ಮರೆಯದ ಹಾಗೆ ವಾರಗಟ್ಟಲೆ ಅಭ್ಯಾಸ ಮಾಡಬೇಕು. ಬಸುರಿಯರಿಗೆ, ಬೆನ್ನು ಮೂಳೆಯ ತೊಂದರೆಯಿರುವವರಿಗೆ ಈ ಪಟ್ಟುಗಳು ಸರಿಹೋಗುವುದಿಲ್ಲ. ಒಲೆ, ಸೀಮೆಎಣ್ಣೆ, ಮಚ್ಚು ಇರುವಲ್ಲಿ ಜಗಳ ಬೆಳೆಯುವ ಮೊದಲೇ ಅಲ್ಲಿಂದ ಸರಿಯುವುದೇ ಮೇಲು.

ಪರದೇಶದ ವಿದ್ಯೆ ನಮಗೇಕೆ ಎನ್ನುವವರಿಗೆ ಎರಡು ಸಂಗತಿ ನೆನಪಿಸುತ್ತೇನೆ. ಇಂಗ್ಲೆಂಡಿನ ಹೆಂಗಸರು ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದಾಗ, 1913ರಲ್ಲಿ, ಎಡಿತ್ ಗ್ಯಾರುಡ್ ಎಂಬಾಕೆ ಅವರ ಅಂಗರಕ್ಷಕಿಯರ ತಂಡಕ್ಕೆ ಜುಜುತ್ಸು ಕಲಿಸಿದಳು. ಐದಡಿಯೂ ಎತ್ತರವಿಲ್ಲದ ಹೆಂಗಸು ಆಕೆ. ನಾಯಕಿ ಎಮೆಲಿನ್ ಪ್ಯಾಂಕ್‌ಹರ್ಸ್ಟ್‌ರನ್ನು ಪೊಲೀಸರು ಮತ್ತೆ ಮತ್ತೆ ಬಂಧಿಸದಂತೆ ಕಾಯುವುದು ಆ ತಂಡದ ಕೆಲಸವಾಗಿತ್ತು. ನಮ್ಮ ದೇಶದಲ್ಲಿಯೇ ರವೀಂದ್ರನಾಥ ಠಾಕೂರರು 1929ರಲ್ಲಿ ಜಪಾನಿನಿಂದ ತಕಗಾಕಿ ಎಂಬ ಗುರುವನ್ನು ಶಾಂತಿನಿಕೇತನಕ್ಕೆ ಕರೆಸಿದರು. ಅಲ್ಲಿ ಹುಡುಗರ ಜೊತೆ ಹುಡುಗಿಯರೂ ಕಲಿತರು. ನಮ್ಮ ಗರಡಿಗಳು ಹೆಣ್ಣನ್ನು ಹೊಸ್ತಿಲಲ್ಲೇ ತಡೆದಿದ್ದ ಕಾಲದಲ್ಲಿ ಇದು ನಡೆಯಿತು.

ಈ ವಿದ್ಯೆಯಲ್ಲಿ ನನಗೆ ತುಂಬ ಹಿಡಿಸಿದ ನಿಯಮ ಇನ್ನೊಂದಿದೆ. ಅಭ್ಯಾಸದಲ್ಲಿ ಸಿಕ್ಕಿಬಿದ್ದವರು ಎದುರಾಳಿಯ ಮೈಯನ್ನೋ ನೆಲವನ್ನೋ ಎರಡು ಸಲ ತಟ್ಟಿದರೆ ಹಿಡಿದವರು ತಕ್ಷಣ ಬಿಡಬೇಕು. ಯಾಕೆ ಎಂದು ಕೇಳುವ ಹಾಗಿಲ್ಲ, ಇನ್ನೊಂದು ಕ್ಷಣ ಎನ್ನುವ ಹಾಗಿಲ್ಲ. ಸಾಕು ಎಂದರೆ ಸಾಕು. ಈ ಪಾಠವನ್ನು ಹುಡುಗಿಯರಿಗಿಂತ ಮೊದಲು ಹುಡುಗರಿಗೆ ಕಲಿಸಬೇಕಲ್ಲವೇ?

ತರಬೇತಿಯಿಂದ ಫಲವಿದೆಯೇ? ಕೆನಡಾದ ವಿಶ್ವವಿದ್ಯಾಲಯಗಳ 893 ವಿದ್ಯಾರ್ಥಿನಿಯರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಪಾಯವನ್ನು ಗುರುತಿಸುವುದು ಮತ್ತು ಪ್ರತಿರೋಧಿಸುವುದನ್ನು ಕಲಿತವರಲ್ಲಿ ವರ್ಷದೊಳಗೆ ಅತ್ಯಾಚಾರಕ್ಕೆ ಒಳಗಾದವರು ಶೇಕಡ 5.2, ಕಲಿಯದವರಲ್ಲಿ ಶೇಕಡ 9.8. ಅಲ್ಲಿ ಕಲಿಸಿದ್ದೂ ಬರಿಯ ಗುದ್ದುಗಳನ್ನಲ್ಲ, ಪರಿಚಿತ ಗಂಡಸಿನ ಎದುರು ನಿಲ್ಲುವ ಮನಸ್ಸನ್ನೂ ಕೂಡ. ನಮ್ಮ ಹಳ್ಳಿಯ ಮನೆಗಳು ಕೆನಡಾದ ಕಾಲೇಜಲ್ಲ, ನಿಜ. ಆದರೆ ಪರಿಚಿತನ ಮೇಲೆ ಕೈ ಎತ್ತಲು ಹೆಣ್ಣಿನ ಮನಸ್ಸು ಹಿಂಜರಿಯುವುದು ಎಲ್ಲ ಕಡೆಯೂ ಒಂದೇ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ನಾಳೆ ಯಾರೋ ಒಬ್ಬ ಅಧಿಕಾರಿ, ಯಾರೋ ಒಬ್ಬ ವಕೀಲ, ತರಬೇತಿ ಪಡೆದಿದ್ದೆಯಲ್ಲ, ಯಾಕೆ ಬಿಡಿಸಿಕೊಳ್ಳಲಿಲ್ಲ ಎಂದು ಕೇಳಿಯಾನು. ಭಯದಲ್ಲಿ ಮೈ ಮರಗಟ್ಟುವುದು ಮನುಷ್ಯ ದೇಹದ ಸಹಜ ಗುಣ, ಒಪ್ಪಿಗೆಯ ಗುರುತಲ್ಲ. ಯಾವ ಹಿಡಿತದಿಂದಲೂ ಬಿಡಿಸಿಕೊಳ್ಳಬಲ್ಲ ನಮ್ಮ ದೇಶದ ಕುಸ್ತಿಪಟು ಹೆಣ್ಣುಮಕ್ಕಳು 2023ರಲ್ಲಿ ಲೈಂಗಿಕ ಕಿರುಕುಳದ ವಿರುದ್ಧ ನ್ಯಾಯ ಕೇಳಿ ದೆಹಲಿಯ ಜಂತರ್ ಮಂತರ್‌ನಲ್ಲಿ ಬೀದಿಯಲ್ಲಿ ಕೂರಬೇಕಾಯಿತು. ಅವರಲ್ಲಿ ಒಲಿಂಪಿಕ್ ಪದಕ ಗೆದ್ದವಳೂ ಇದ್ದಳು. ಮೈಯ ಪಟ್ಟಿಗೆ ಮೈ ಸಡಿಲವಾಗುತ್ತದೆ; ಅಧಿಕಾರದ ಹಿಡಿತ ಸಡಿಲವಾಗುವುದು ಸಂಘಟನೆಗೆ ಮಾತ್ರ. ಹೊಡೆಯುವವನೇ ಅಪರಾಧಿ, ಬಿಡಿಸಿಕೊಳ್ಳಲಾಗದವಳಲ್ಲ.

ಕೈ ಎತ್ತಿದರೆ ತನ್ನ ಮೇಲೆಯೇ ಕೇಸು ಬೀಳುತ್ತದೆ ಎಂಬ ಅಂಜಿಕೆ ಬಹಳ ಹೆಂಗಸರಿಗಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಪ್ರತಿಯೊಬ್ಬರಿಗೂ ತಮ್ಮ ದೇಹವನ್ನು ರಕ್ಷಿಸಿಕೊಳ್ಳುವ ಹಕ್ಕನ್ನು ಕೊಡುತ್ತವೆ. ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚಿನ ಹಾನಿ ಮಾಡಬಾರದು ಎಂಬುದು ಅದರ ಮಿತಿ. ಉರುಳಿಸಿ, ಜಾರಿ, ಎದ್ದು, ಹೊರಗೆ ಹೋಗುವ ಈ ವಿದ್ಯೆ ಆ ಮಿತಿಯೊಳಗೇ ಇದೆ. ಹಳೆಯ 498ಎ ಈಗ ಕಲಂ 85 ಮತ್ತು 86. ವರದಕ್ಷಿಣೆ ಸಾವಿನ 304ಬಿ ಈಗ ಕಲಂ 80. ಸಂಖ್ಯೆ ಬದಲಾಗಿದೆ, ಅಪರಾಧ ಅದೇ.

ಕುತ್ತಿಗೆ ಹಿಸುಕಿಸಿಕೊಂಡು ಬದುಕಿ ಬಂದವಳ ಬಗ್ಗೆ ವಿಶೇಷವಾಗಿ ಹೇಳಬೇಕು. ಹೊರಗೆ ಗುರುತೇ ಇಲ್ಲದಿರಬಹುದು. ಆದರೆ ದನಿ ಒಡೆದಿದ್ದರೆ, ಉಗುಳು ನುಂಗಲು ಕಷ್ಟವಾದರೆ, ಕಣ್ಣಿನಲ್ಲಿ ಕೆಂಪು ಚುಕ್ಕೆ ಕಂಡರೆ, ಪ್ರಜ್ಞೆ ತಪ್ಪಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕುತ್ತಿಗೆಯ ರಕ್ತನಾಳಕ್ಕೆ ಪೆಟ್ಟಾಗಿದ್ದರೆ ದಿನಗಳ ನಂತರ ಲಕ್ವ ಹೊಡೆಯಬಹುದು. ಹೇಗೆ ಗಾಯವಾಯಿತೆಂದು ವೈದ್ಯರಿಗೆ ಇದ್ದದ್ದು ಇದ್ದಂತೆ ಹೇಳಿ ಬರೆಸಿಕೊಳ್ಳಬೇಕು. ಗಂಡ ಒಮ್ಮೆ ಕುತ್ತಿಗೆ ಹಿಸುಕಿದ್ದರೆ ಮುಂದೆ ಅವನಿಂದಲೇ ಕೊಲೆಯಾಗುವ ಸಂಭವ ಏಳು ಪಟ್ಟು ಹೆಚ್ಚೆಂದು 2008ರ ಒಂದು ಅಮೆರಿಕನ್ ಅಧ್ಯಯನ ಹೇಳಿದೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಅಂಥ ಮನೆಗೆ ಸಲ್ಲದು. ಅಲ್ಲಿ ಮಲಗಿದವಳು ಏಳದೆಯೂ ಇರಬಹುದು.

ಬಾಗಿಲು ದಾಟಿದವಳು ಎಲ್ಲಿಗೆ ಹೋಗಬೇಕು? ತುರ್ತಿಗೆ 112, ಮಹಿಳಾ ಸಹಾಯವಾಣಿ 181. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ನಮ್ಮ ತಾಲ್ಲೂಕುಗಳಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ರಕ್ಷಣಾಧಿಕಾರಿ. ಅರ್ಜಿಯ ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ ಆಗಬೇಕು, 60 ದಿನದಲ್ಲಿ ಮುಗಿಸಲು ಯತ್ನಿಸಬೇಕು ಎನ್ನುತ್ತದೆ ಕಾಯ್ದೆ. ಮುಳಬಾಗಿಲು, ಶ್ರೀನಿವಾಸಪುರದ ಹೆಣ್ಣುಮಕ್ಕಳು ಗಡಿಯಾಚೆ ಆಂಧ್ರದ ಊರುಗಳಿಗೆ ಮದುವೆಯಾಗಿ ಹೋಗುವುದು ತಲೆತಲಾಂತರದ ರೂಢಿ. ಹಿಂಸೆ ನಡೆದದ್ದು ಅಲ್ಲಿ, ಕೇಸು ಅಲ್ಲೇ ಹಾಕು ಎಂದು ವಾಪಸು ಕಳಿಸುವ ಮಾತನ್ನು ಒಪ್ಪಬೇಡಿ. ಗಂಡನ ಮನೆ ಬಿಟ್ಟು ಬಂದವಳು ಆಶ್ರಯ ಪಡೆದ ಊರಿನಲ್ಲೂ ದೂರು ಕೊಡಬಹುದೆಂದು ಸುಪ್ರೀಂ ಕೋರ್ಟ್ 2019ರ ಏಪ್ರಿಲ್‌ನಲ್ಲಿ ರೂಪಾಲಿ ದೇವಿ ಪ್ರಕರಣದಲ್ಲಿ ಹೇಳಿದೆ.

ಆದ್ದರಿಂದ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಸಂಗಾತಿಗಳ ಮುಂದೆ ನಾನು ಕೆಲವು ಬೇಡಿಕೆಗಳನ್ನು ಇಡುತ್ತಿದ್ದೇನೆ. ಶಾಲೆಯ ಮೂರು ತಿಂಗಳ ತರಬೇತಿಯಲ್ಲಿ ನೆಲದ ಪಾಠಕ್ಕೆ ಕಡ್ಡಾಯ ಸ್ಥಾನ ಬೇಕು. ಕಲಿಸುವವರು ಹೆಂಗಸರಾಗಿರಬೇಕು. ಶಾಲೆ ಬಿಟ್ಟವರಿಗೆ, ಮದುವೆಯಾದವರಿಗೆ, ನರಸಾಪುರದ ಕಾರ್ಖಾನೆಗಳಿಗೆ ವ್ಯಾನು ಹತ್ತುವವರಿಗೆ, ಮಾಲೂರಿನ ಇಟ್ಟಿಗೆ ಗೂಡುಗಳಲ್ಲಿ ದುಡಿಯುವವರಿಗೆ, ಸ್ತ್ರೀಶಕ್ತಿ ಸಂಘಗಳ ಮೂಲಕ ಅದೇ ಪಾಠ ಸಿಗಬೇಕು. ಇದಕ್ಕೆ ಕಟ್ಟಡ ಬೇಡ. ಕಬಡ್ಡಿ ಚಾಪೆ ಸಾಕು, ಅದೂ ಇಲ್ಲದಿದ್ದರೆ ಹುಲ್ಲಿನ ಮೇಲೆ ಹಾಸಿದ ದಪ್ಪ ಜಮಖಾನ ಸಾಕು. ಪ್ರತಿ ತರಬೇತಿಯ ಕೊನೆಯಲ್ಲಿ ರಕ್ಷಣಾಧಿಕಾರಿ ಬಂದು ತಮ್ಮ ಕಚೇರಿಯ ದಾರಿ, ಫೋನ್ ಸಂಖ್ಯೆ ಹೇಳಬೇಕು.

ಇನ್ನೊಂದು ಬೇಡಿಕೆ ಸರ್ಕಾರಕ್ಕಲ್ಲ, ನಮಗೇ. ಪ್ರತಿ ಬೀದಿಯಲ್ಲಿ ಒಂದಾದರೂ ಮನೆ, ರಾತ್ರಿ ಎಷ್ಟು ಹೊತ್ತಿಗೆ ತಟ್ಟಿದರೂ ಬಾಗಿಲು ತೆಗೆಯುವ ಮನೆ ಇರಬೇಕು. ಅಡಿಯಿಂದ ಜಾರಿ, ಮೈ ಕೊಡವಿ ಎದ್ದು ಬಂದವಳ ಮುಂದೆ ಊರಿನ ಬಾಗಿಲುಗಳೆಲ್ಲ ಮುಚ್ಚಿದ್ದರೆ ಅವಳು ಮತ್ತೆ ಅದೇ ಕೋಣೆಗೆ ಹೋಗಬೇಕಾಗುತ್ತದೆ. ನಿಮ್ಮ ಬೀದಿಯಲ್ಲಿ ಆ ಮನೆ ಯಾವುದು ಎಂದು ಈ ವಾರವೇ ಕೂತು ಮಾತಾಡಿ ತೀರ್ಮಾನಿಸಿ. ಸಂಘದ ಪ್ರತಿಯೊಬ್ಬಳಿಗೂ ಅದು ತಿಳಿದಿರಲಿ.