ಅಂತರಿಕ್ಷದ ಉಗ್ರಾಣ

ಮನೆಯ ನೆಮ್ಮದಿಯು ಬಹುಮಟ್ಟಿಗೆ ಅದರ ಉಗ್ರಾಣದಲ್ಲಿರುವುದೆಂಬುದು ನಮ್ಮ ಗೃಹಿಣಿಯರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ. ಭೂಮಿಗೆ ಸುಮಾರು 400 ಕಿಲೋಮೀಟರು ಮೇಲೆ ಸುತ್ತುತ್ತಿರುವ ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣವೂ ಒಂದು ಮನೆಯೇ ಸರಿ. 2000ನೆಯ ಇಸವಿಯ ನವೆಂಬರಿನಿಂದ ಅದು ಒಂದು ದಿನವೂ ಬರಿದಾಗಿಲ್ಲ. ಅಲ್ಲಿ ಬಾವಿಯಿಲ್ಲ, ಸಂತೆಯಿಲ್ಲ. ಬಳಸಿದ ನೀರನ್ನೇ ಶುದ್ಧಿಮಾಡಿ ಮತ್ತೆ ಬಳಸುವರಾದರೂ ಆಹಾರ ಮೊದಲಾದುವೆಲ್ಲ ಕೆಳಗಿನಿಂದಲೇ ಹೋಗತಕ್ಕುವು. ಈ ಸಾಗಣೆಯ ಕ್ರಮವನ್ನು ವಾಚಕರಿಗೆ ಈ ತಿಂಗಳು ತಿಳಿಸುವೆವು.

ಸೋವಿಯತ್ ದೇಶದವರ ಮೊದಲಿನ ನಿಲ್ದಾಣಗಳಿಗೆ ನೌಕೆಗಳು ಬಂದು ಕೂಡಲು ಒಂದೇ ಬಾಗಿಲಿದ್ದಿತು. ಕಟ್ಟಿಕೊಂಡು ಹೋದ ಬುತ್ತಿ ಮುಗಿದರೆ ವಾಸವೂ ಮುಗಿಯಬೇಕು. 1977ರಲ್ಲಿ ಹಾರಿಸಿದ ಸಲ್ಯೂತ್–6ಕ್ಕೆ ಹಿಂಬಾಗಿಲೊಂದನ್ನಿಟ್ಟರು. 1978ನೆಯ ಜನವರಿ 20ರಂದು ಪ್ರೋಗ್ರೆಸ್ ಎಂಬ ನೌಕೆಯು ಒಬ್ಬ ಮನುಷ್ಯನೂ ಇಲ್ಲದೆ ಹೊರಟು, ಎರಡು ದಿನಗಳ ಮೇಲೆ ತಾನಾಗಿಯೇ ಆ ಹಿಂಬಾಗಿಲನ್ನು ಸೇರಿತು. ರೊಮಾನೆಂಕೊ, ಗ್ರೆಚ್ಕೊ ಎಂಬಿಬ್ಬರು ಆ ಸಲ 96 ದಿನ ಅಂತರಿಕ್ಷದಲ್ಲಿದ್ದು ಕ್ಷೇಮವಾಗಿ ಹಿಂದಿರುಗಿದರು.

ಪ್ರೋಗ್ರೆಸ್ ನೌಕೆಯನ್ನು ಯಾತ್ರಿಕರನ್ನೊಯ್ಯುವ ಸೋಯುಜ್ ನೌಕೆಯ ಮಾದರಿಯಲ್ಲಿಯೇ ಕಟ್ಟಿರುವರು. ಆಸನಗಳೂ, ಮರಳುವಾಗ ಉರಿಯಿಂದ ಕಾಪಾಡುವ ಕವಚವೂ ಇಲ್ಲದುದರಿಂದ ಅದರ ತೂಕವೆಲ್ಲ ಸರಕಿಗೆ ಒದಗುವುದು. ಒಂದು ಸಲಕ್ಕೆ 2,000 ಕಿಲೋಗ್ರಾಂಗೂ ಮಿಕ್ಕು ಹೊರಬಲ್ಲುದು. ಮುಂಭಾಗದಲ್ಲಿ ಆಹಾರ, ಉಡುಪು, ಉಪಕರಣಗಳು, ನಡುವೆ ನಿಲ್ದಾಣಕ್ಕೆ ಕೊಳವೆಗಳ ಮೂಲಕ ಹರಿಸುವ ಇಂಧನ, ಹಿಂದೆ ಯಂತ್ರಗಳು. ಅಷ್ಟು ಎತ್ತರದಲ್ಲಿಯೂ ಇರುವ ತೆಳುಗಾಳಿಯ ತಡೆಯಿಂದ ನಿಲ್ದಾಣವು ಮೆಲ್ಲಮೆಲ್ಲನೆ ಕೆಳಗಿಳಿಯುವುದಷ್ಟೆ. ಈ ನೌಕೆಯೇ ತನ್ನ ಯಂತ್ರವನ್ನು ನಡೆಯಿಸಿ ಅದನ್ನು ಮೇಲಕ್ಕೆ ನೂಕುವುದೂ ಉಂಟು. ಕೊನೆಗೆ ಮನೆಯ ಕಸವನ್ನೆಲ್ಲ ತುಂಬಿಕೊಂಡು ಹೊರಟು, ದಕ್ಷಿಣ ಪೆಸಿಫಿಕ್ ಸಾಗರದ ಮೇಲೆ ಉರಿದುಹೋಗುವುದು. ಉರಿಯದೆ ಉಳಿದ ಚೂರುಗಳು ಜನವಿಲ್ಲದ ಆ ನೀರಿನಲ್ಲಿ ಬೀಳುವುವು.

ಇಂತಹ ಬಂಡಿಗಳು ಎಂದೂ ತಪ್ಪದೆ ತಲಪುವುವೆಂದು ತಿಳಿಯಲಾಗದು. 2014ನೆಯ ಅಕ್ಟೋಬರ್ 28ರಂದು ಅಮೆರಿಕದ ಸರಕುನೌಕೆಯೊಂದನ್ನು ಹೊತ್ತ ರಾಕೆಟ್ಟು ನೆಲ ಬಿಟ್ಟ ಕೆಲವೇ ಕ್ಷಣಗಳಲ್ಲಿ ಸಿಡಿಯಿತು. 2015ನೆಯ ಏಪ್ರಿಲ್ 28ರಂದು ಹೊರಟ ಪ್ರೋಗ್ರೆಸ್ ನೌಕೆಯು ಹಿಡಿತ ತಪ್ಪಿ ಗಿರಗಿರನೆ ತಿರುಗುತ್ತ, ಹತ್ತು ದಿನಗಳ ಬಳಿಕ ವಾಯುಮಂಡಲಕ್ಕೆ ಬಿದ್ದು ನಾಶವಾಯಿತು. ಜೂನ್ 28ರಂದು ಅಮೆರಿಕದ ಇನ್ನೊಂದು ರಾಕೆಟ್ಟು ಆಕಾಶದಲ್ಲಿಯೇ ಒಡೆಯಿತು. ಎಂಟು ತಿಂಗಳಲ್ಲಿ ಮೂರು ನಷ್ಟ! ಆಗ ನಿಲ್ದಾಣದಲ್ಲಿದ್ದವರು ಮೂವರು. ಆದರೂ ಅವರು ಹಸಿಯಲಿಲ್ಲ, ಮನೆಯನ್ನು ಬಿಟ್ಟು ಇಳಿಯಲೂ ಇಲ್ಲ. ಇಂತಹ ದಿನಗಳಿಗೆಂದೇ ಕೆಲವು ತಿಂಗಳುಗಳ ಆಹಾರವು ಮೊದಲೇ ಕೂಡಿಡಲ್ಪಟ್ಟಿದ್ದಿತು. ಜುಲೈ 5ರಂದು ಮತ್ತೊಂದು ಪ್ರೋಗ್ರೆಸ್ ನೌಕೆ ಸುಖವಾಗಿ ಬಂದು ಸೇರಿತು. ಕಳೆದುಹೋದ ಮೂರರಲ್ಲಿಯೂ ಮನುಷ್ಯರಿಲ್ಲದುದರಿಂದ ನಷ್ಟವಾದುದು ಸರಕು ಮಾತ್ರ, ಪ್ರಾಣವಲ್ಲ.

ಬಂಡಿಯು ಒಮ್ಮೊಮ್ಮೆ ಬಾರದೆ ಹೋಗುವುದೆಂದು ಮೊದಲೇ ಎಣಿಸಿ ಉಗ್ರಾಣವನ್ನು ತುಂಬುವುದು ನಮ್ಮ ಹಿರಿಯರು ಮಳೆಗಾಲಕ್ಕೆ ಮುಂಚೆ ಮಾಡುತ್ತಿದ್ದ ಕೆಲಸ. ಮಹಾವಿದ್ವಾಂಸರಾದ ಯಂತ್ರಜ್ಞರಿಗೂ ಇದಕ್ಕಿಂತ ಬೇರೆಯಾದ ಉಪಾಯವು ದೊರೆತಿಲ್ಲವೆಂಬುದನ್ನು ಗೃಹಿಣಿಯರು ಸಂತೋಷದಿಂದ ತಿಳಿಯಬಹುದು.